ಹೇಳಬೇಕಾದ್ದನ್ನು ಹೇಳಬೇಕಾದ ದಿನವೇ: ಸಿಬ್ಬಂದಿಗೆ ಫೀಡ್‌ಬ್ಯಾಕ್ ಕೊಡುವುದು ಹೇಗೆ?

ಚಿಕ್ಕಮಗಳೂರಿನಂಥ ಊರಿನಲ್ಲಿ ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡು ವ್ಯವಹಾರ ನಡೆಸುವವರಿಗೆ ಸಿಬ್ಬಂದಿಯ ತಪ್ಪನ್ನು ಎತ್ತಿ ಹೇಳುವುದು ಸುಲಭವಲ್ಲ. ಗಲ್ಲೆಯಲ್ಲಿ ಕೂರುವ ಹುಡುಗ ಪರಿಚಯದವರ ಮಗನಾಗಿರುತ್ತಾನೆ, ಲೆಕ್ಕ ಬರೆಯುವವರು ನಮ್ಮ ತಂದೆಯವರ ಕಾಲದಿಂದಲೂ ಇದ್ದವರಾಗಿರುತ್ತಾರೆ, ಬೆಳಿಗ್ಗೆ ಗದರಿಸಿದವರ ಎದುರಿಗೇ ಸಂಜೆ ಮದುವೆಯೊಂದರ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾಗುತ್ತದೆ. ಆದ್ದರಿಂದ ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಾಗುತ್ತೇವೆ. ಈ ದಾಕ್ಷಿಣ್ಯ ನಮ್ಮ ಊರಿಗಷ್ಟೇ ಸೀಮಿತವಾದದ್ದೇನೂ ಅಲ್ಲ. ಅಹಿತಕರ ಸುದ್ದಿಯನ್ನು ಸಂಬಂಧಪಟ್ಟವರಿಗೆ ಮುಟ್ಟಿಸಲು ಮನುಷ್ಯ ಹಿಂಜರಿಯುವುದನ್ನು ಸಿಡ್ನಿ ರೋಸೆನ್ ಮತ್ತು ಅಬ್ರಹಾಂ ಟೆಸ್ಸರ್ ಎಂಬ ಮನಶ್ಶಾಸ್ತ್ರಜ್ಞರು 1970ರಲ್ಲಿಯೇ ಅಧ್ಯಯನ ಮಾಡಿ, ಅದಕ್ಕೆ ‘ಮಮ್ ಎಫೆಕ್ಟ್’ ಎಂದು ಹೆಸರಿಟ್ಟಿದ್ದಾರೆ.

ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ನನ್ನ ಪುಟ್ಟ ಘಟಕದಲ್ಲಿ ಈ ದಾಕ್ಷಿಣ್ಯಕ್ಕೆ ನಾನು ತೆತ್ತ ಬೆಲೆ ಒಬ್ಬ ಒಳ್ಳೆಯ ಕೆಲಸಗಾರ. ಹುರಿಯುವ ಡ್ರಮ್ಮಿನ ಹೊಣೆ ಹೊತ್ತಿದ್ದ ಅವರ ಕೈಯಲ್ಲಿ ಕೆಲವು ಬ್ಯಾಚುಗಳು ಹದ ಮೀರುತ್ತಿದ್ದುದನ್ನು ಎಂಟು ತಿಂಗಳು ನೋಡಿಯೂ ನಾನು ಬಾಯಿ ಬಿಡಲಿಲ್ಲ. ದೀಪಾವಳಿಗೆ ಮುಂಚೆ ಬೋನಸ್ ಲೆಕ್ಕ ಮಾಡುವಾಗ ಅಷ್ಟನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಕೇಳಿದ್ದು ಒಂದೇ ಮಾತು: “ಇಷ್ಟು ದಿನ ಯಾಕೆ ಸಾರ್ ಹೇಳಲಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ತಿಂಗಳು ಅವರು ಕೆಲಸ ಬಿಟ್ಟರು. ಆಮೇಲೆ ಹಂತ ಹಂತವಾಗಿ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು, ಕಂಡದ್ದನ್ನು ಬರೆದುಕೊಳ್ಳಿ

ಮಾತಿಗೆ ಕೂರುವ ಮುನ್ನ ನೀವು ಕಣ್ಣಾರೆ ಕಂಡದ್ದು ಯಾವುದು, ಅದರಿಂದ ನೀವೇ ಊಹಿಸಿಕೊಂಡದ್ದು ಯಾವುದು ಎಂಬುದನ್ನು ಬೇರೆ ಮಾಡಿಕೊಳ್ಳಬೇಕು. “ಪ್ಯಾಕಿಂಗಿನವರಿಗೆ ಜವಾಬ್ದಾರಿಯೇ ಇಲ್ಲ” ಎನ್ನುವುದು ಊಹೆ. “ಮಂಗಳವಾರ ಮಧ್ಯಾಹ್ನ ತುಂಬಿದ 30 ಪೊಟ್ಟಣಗಳಲ್ಲಿ ಕಾಫಿ ಎಪ್ಪತ್ತು, ಚಿಕೋರಿ ಮೂವತ್ತರ ಪುಡಿಯಿತ್ತು, ಮೇಲೆ ಎಂಬತ್ತು–ಇಪ್ಪತ್ತರ ಚೀಟಿಯಿತ್ತು” ಎನ್ನುವುದು ಕಂಡದ್ದು. ಇದರ ಜೊತೆಗೆ ಪರಿಣಾಮವನ್ನೂ ಬರೆದುಕೊಳ್ಳಿ: ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ಆಹಾರ ಸುರಕ್ಷತಾ ನಿಯಮ, ಆದ್ದರಿಂದ ಚೀಟಿ ಅದಲು ಬದಲಾದರೆ ಅದು ಗ್ರಾಹಕರಿಗೆ ಮೋಸವೂ ಹೌದು, ಕಾನೂನಿನ ತೊಡಕೂ ಹೌದು. ಸಂದರ್ಭ, ನಡವಳಿಕೆ, ಪರಿಣಾಮ ಎಂಬ ಈ ಮೂರರ ಕ್ರಮವನ್ನು ಅಮೆರಿಕದ ‘ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್’ ಸಂಸ್ಥೆಯು ಬಹಳ ಕಾಲದಿಂದ ಕಲಿಸುತ್ತ ಬಂದಿದೆ. ಮೂರು ಸಾಲಿನಲ್ಲಿ ಬರೆಯಲಾಗದಿದ್ದರೆ ನಿಮ್ಮ ಬಳಿ ಇರುವುದು ಅಸಮಾಧಾನ ಮಾತ್ರ, ಅದನ್ನು ಇನ್ನೊಬ್ಬರ ಮೇಲೆ ಹೊರಿಸುವಂತಿಲ್ಲ.

ಮಾತು ಕೆಲಸದ ಮೇಲಿರಬೇಕೇ ಹೊರತು ವ್ಯಕ್ತಿಯ ಮೇಲಲ್ಲ ಎಂಬುದನ್ನು ಕೇವಲ ಸೌಜನ್ಯಕ್ಕಾಗಿ ಹೇಳುತ್ತಿಲ್ಲ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಫೀಡ್‌ಬ್ಯಾಕ್ ಕುರಿತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಫೀಡ್‌ಬ್ಯಾಕಿನಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದು ಮೊದಲಿಗಿಂತ ಕೆಟ್ಟಿತ್ತು. ಕೇಳುವವರ ಗಮನ ಕೆಲಸದಿಂದ ಸರಿದು ‘ನನ್ನನ್ನು ಹೀಗಂದರಲ್ಲ’ ಎಂಬಲ್ಲಿಗೆ ಹೋದಷ್ಟೂ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ನಿರ್ಣಯ.

ಯಾವಾಗ, ಎಲ್ಲಿ

ಅದೇ ದಿನ ಹೇಳಬೇಕು, ಸಿಟ್ಟು ಬಂದಿದ್ದರೆ ಮರುದಿನ ಬೆಳಿಗ್ಗೆ ಹೇಳಬೇಕು, ಅದಕ್ಕಿಂತ ತಡವಾಗಬಾರದು. ಹದ ತಪ್ಪಿದ ಬೀಜ ಇನ್ನೂ ತಟ್ಟೆಯಲ್ಲಿರುವಾಗ ಅದನ್ನು ತೋರಿಸಿ ಮಾತನಾಡಬಹುದು, ಅದೇ ಬೀಜ ಪುಡಿಯಾಗಿ ಅಂಗಡಿಗಳಿಗೆ ಹೋದ ಮೇಲೆ ಉಳಿಯುವುದು ನನ್ನ ನೆನಪು ಮತ್ತು ಅವರ ನೆನಪಿನ ನಡುವಿನ ವಾದ ಮಾತ್ರ. ದೊಡ್ಡ ಕಂಪನಿಗಳೂ ಈ ಸತ್ಯವನ್ನು ಕಂಡುಕೊಂಡಿವೆ. ಅಡೋಬಿ ಎಂಬ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ವಾರ್ಷಿಕ ಮೌಲ್ಯಮಾಪನವನ್ನು ಕೈಬಿಟ್ಟು ವರ್ಷದುದ್ದಕ್ಕೂ ಆಗಾಗ ಮಾತುಕತೆ ನಡೆಸುವ ಪದ್ಧತಿಗೆ ಬದಲಾಯಿತು.

ಆದರೆ ಬಟವಾಡೆಯ ದಿನ ಮಾತ್ರ ಬೇಡ. ಕೂಲಿ ಎಣಿಸುವ ಮೇಜಿನ ಮುಂದೆ ಆಡಿದ ಯಾವ ಮಾತೂ ಹಣ ಕಡಿತದ ಬೆದರಿಕೆಯಂತೆಯೇ ಕೇಳಿಸುತ್ತದೆ. ಗಿರಾಕಿಗಳ ಎದುರು, ಜೊತೆಗಾರರ ಎದುರು, ಅಂಗಡಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳುವುದಂತೂ ಸಲ್ಲದು.

ಕನ್ನಡದಲ್ಲಿ ವ್ಯವಹರಿಸುವವರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ದಿನವೂ ‘ಬನ್ನಿ, ಹೋಗಿ’ ಎಂದು ಕರೆಯುವವರನ್ನು ತಪ್ಪು ಕಂಡ ಕ್ಷಣ ‘ಏನಯ್ಯ ಇದು’ ಎಂದು ಏಕವಚನಕ್ಕೆ ಇಳಿಸಿದರೆ, ಆಮೇಲೆ ನೀವು ಎಷ್ಟೇ ಸರಿಯಾದ ವಿಷಯ ಹೇಳಿದರೂ ಅವರ ಮನಸ್ಸಿನಲ್ಲಿ ಉಳಿಯುವುದು ಆ ಏಕವಚನವೇ. ಗೌರವ ಕೊಡುತ್ತಲೇ ಕಠಿಣವಾದದ್ದನ್ನು ಹೇಳಲು ನಮ್ಮ ಭಾಷೆಯಲ್ಲಿ ಧಾರಾಳ ಅವಕಾಶವಿದೆ.

ಮಾತು ಮತ್ತು ಮೌನ

ಇಬ್ಬರೂ ಕುಳಿತುಕೊಳ್ಳಿ. ಎರಡು ಹೊಗಳಿಕೆಗಳ ನಡುವೆ ತಪ್ಪನ್ನು ಅಡಗಿಸಿಡುವ ಪದ್ಧತಿಯನ್ನು ಕೆಲವರು ಸೂಚಿಸುತ್ತಾರೆ, ನನಗದು ಒಪ್ಪಿಗೆಯಿಲ್ಲ. ಕೇಳುವವರು ಒಂದೋ ಹೊಗಳಿಕೆಯನ್ನಷ್ಟೇ ಹಿಡಿದುಕೊಂಡು ಹೋಗುತ್ತಾರೆ, ಇಲ್ಲವೇ ಮುಂದೆ ಯಾವಾಗ ಹೊಗಳಿದರೂ ಹಿಂದೆ ಏನೋ ಕಾದಿದೆ ಎಂದು ಅನುಮಾನಿಸುತ್ತಾರೆ. ನೇರವಾಗಿ ಆರಂಭಿಸುವುದೇ ಮೇಲು.

ಈಗ ಹುರಿಯುವ ಕೆಲಸ ನೋಡಿಕೊಳ್ಳುವವರೊಂದಿಗೆ ಕಳೆದ ಜನವರಿಯಲ್ಲಿ ಕುಳಿತಾಗ ನಾನು ಎರಡು ಸ್ಟೀಲ್ ತಟ್ಟೆಗಳನ್ನು ಮುಂದಿಟ್ಟೆ. ಒಂದರಲ್ಲಿ ಹಿಂದಿನ ದಿನದ ಬೀಜ, ಒಂದೇ ಸಮನಾದ ಕಂದು ಬಣ್ಣದ್ದು; ಇನ್ನೊಂದರಲ್ಲಿ ಆ ದಿನದ್ದು, ಕೆಲವು ಎಣ್ಣೆ ಒಸರಿ ಕಪ್ಪಾಗಿದ್ದವು, ಕೆಲವು ಮಸುಕಾಗಿ ಉಳಿದಿದ್ದವು. “ಇವತ್ತಿನ ಮೂರನೇ ಬ್ಯಾಚು ಹೀಗೆ ಬಂದಿದೆ. ಇದನ್ನು ಪುಡಿ ಮಾಡಿದರೆ ಡಿಕಾಕ್ಷನ್ ಕಹಿಯಾಗುತ್ತದೆ, ಹೋಟೆಲಿನವರು ವಾಪಸು ಕಳಿಸುತ್ತಾರೆ. ಏನಾಯಿತು ಹೇಳಿ” ಎಂದು ಕೇಳಿ ಸುಮ್ಮನಾದೆ. ಈ ಮೌನವೇ ಎಲ್ಲಕ್ಕಿಂತ ಕಷ್ಟದ ಹಂತ. ಎರಡು ನಿಮಿಷವಾದರೂ ನಾವು ಬಾಯಿ ಮುಚ್ಚಿಕೊಂಡಿರಬೇಕು.

ಅವರು ಬೀಜವನ್ನು ಬೆರಳಲ್ಲಿ ಹೊರಳಿಸಿ ನೋಡಿ, “ಎರಡು ಲೋಡಿನ ಬೀಜ ಒಂದೇ ಡ್ರಮ್ಮಿಗೆ ಬಿದ್ದಿದೆ ಸಾರ್. ಹೊಸ ಲೋಡಿನ ತೇವ ಎಷ್ಟು ಅಂತ ನನಗೆ ಯಾರೂ ಹೇಳಲಿಲ್ಲ” ಎಂದರು. ತೇವ ಹೆಚ್ಚಿರುವ ಬೀಜ ಹುರಿಯಲು ಹೆಚ್ಚು ಹೊತ್ತು ಬೇಕು. ತೇವಾಂಶ ಅಳೆಯುವ ಮೀಟರ್ ನನ್ನ ಕಚೇರಿಯ ಕಪಾಟಿನಲ್ಲಿತ್ತು, ಅಳತೆಯ ಚೀಟಿ ಡ್ರಮ್ಮಿನವರೆಗೆ ಹೋಗುತ್ತಲೇ ಇರಲಿಲ್ಲ. ಅಂದರೆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ. ಅದನ್ನು ಅಲ್ಲೇ ಒಪ್ಪಿಕೊಂಡೆ. ಮೊದಲನೆಯವರ ಬ್ಯಾಚುಗಳು ಕೆಟ್ಟದ್ದಕ್ಕೂ ಇದೇ ಕಾರಣವಿದ್ದಿರಬಹುದೇ ಎಂಬ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ತೋಟಗಳಲ್ಲಿ ಈ ಹಂತಕ್ಕೆ ಇನ್ನಷ್ಟು ಎಚ್ಚರ ಬೇಕು. ಕೊಯ್ಲಿನ ಕಾಲದಲ್ಲಿ ಅಸ್ಸಾಂ ಮುಂತಾದ ಕಡೆಯಿಂದ ಬರುವ ಕಾರ್ಮಿಕರಿಗೆ ಸಾಹುಕಾರರ ಮಾತು ರೈಟರ (ತೋಟದ ಗುಮಾಸ್ತರ) ಮೂಲಕ, ಮೇಸ್ತ್ರಿಯ ಮೂಲಕ ತಲುಪುವಷ್ಟರಲ್ಲಿ ಬೈಗುಳವಾಗಿ ಮಾರ್ಪಟ್ಟಿರುವುದುಂಟು. ಹಣ್ಣಿನ ಜೊತೆ ಕಾಯಿ ಕಿತ್ತಿದ್ದರೆ ಬುಟ್ಟಿಯಿಂದ ಎರಡನ್ನೂ ಎತ್ತಿ, ಅವರ ಕೈಯಲ್ಲೇ ಇಟ್ಟು ತೋರಿಸುವುದು ಲೇಸು.

ಒಪ್ಪಂದ ಮತ್ತು ಅನುಸರಣೆ

ಕೊನೆಯಲ್ಲಿ ಒಂದೇ ಒಂದು ಬದಲಾವಣೆಯನ್ನು ಒಪ್ಪಿಕೊಂಡು, ಮತ್ತೆ ನೋಡುವ ದಿನವನ್ನು ಗೊತ್ತುಮಾಡಿ, ಇಬ್ಬರೂ ಬರೆದುಕೊಳ್ಳಬೇಕು. ನಾವು ಒಪ್ಪಿಕೊಂಡದ್ದಿಷ್ಟು: ಪ್ರತಿ ಲೋಡಿನ ತೇವಾಂಶವನ್ನು ನಾನು ಚೀಲಕ್ಕೇ ಚೀಟಿ ಕಟ್ಟಿ ತಿಳಿಸುವುದು, ಅವರು ಲೋಡುಗಳನ್ನು ಬೆರೆಸದೆ ಹುರಿದು ಪ್ರತಿ ಬ್ಯಾಚಿನಿಂದ ಒಂದು ಹಿಡಿ ಬೀಜ ತೆಗೆದಿಡುವುದು.

ಎಲ್ಲವೂ ಫೀಡ್‌ಬ್ಯಾಕಿನ ವಿಷಯವಲ್ಲ. ಹಣ ದುರುಪಯೋಗವಾಗಿದ್ದರೆ ವಿಚಾರಣೆ ನಡೆಯಬೇಕು. ಲೈಂಗಿಕ ಕಿರುಕುಳದ ದೂರು ಬಂದರೆ ಮಾಲೀಕರು ಕರೆದು ಬುದ್ಧಿ ಹೇಳಿ ಮುಗಿಸುವಂತಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸ್ಥಳದಲ್ಲಿ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು, ದೂರು ಅಲ್ಲಿಗೇ ಹೋಗಬೇಕು.

ಗೊತ್ತುಮಾಡಿದ ದಿನ ಎಷ್ಟೇ ಕೆಲಸವಿದ್ದರೂ ಹೋಗಿ ನೋಡಿ. ಸುಧಾರಿಸಿದ್ದರೆ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಬರಬೇಡಿ. ತಪ್ಪನ್ನು ಎಷ್ಟು ನಿಖರವಾಗಿ ಹೇಳಿದ್ದಿರೋ ಸುಧಾರಣೆಯನ್ನೂ ಅಷ್ಟೇ ನಿಖರವಾಗಿ ಹೇಳಿ, ಇದನ್ನು ಎಲ್ಲರ ಎದುರೂ ಹೇಳಬಹುದು. ಎರಡು ವಾರದ ನಂತರ ನಾನು ಹೋದಾಗ ಡ್ರಮ್ಮಿನ ಪಕ್ಕದ ಹಲಗೆಯ ಮೇಲೆ ಹನ್ನೊಂದು ಬಟ್ಟಲುಗಳು ಸಾಲಾಗಿದ್ದವು, ಪ್ರತಿಯೊಂದರಲ್ಲೂ ಒಂದು ಹಿಡಿ ಬೀಜ, ಕೆಳಗೆ ಲೋಡಿನ ಸಂಖ್ಯೆ ಮತ್ತು ತೇವಾಂಶ ಬರೆದ ಚೀಟಿ. ಎರಡು ಬಟ್ಟಲುಗಳ ಕೆಳಗೆ ಮಾತ್ರ ತೇವಾಂಶದ ಜಾಗ ಖಾಲಿಯಿತ್ತು. ಆ ಎರಡು ಚೀಲಗಳಿಗೆ ನಾನು ಚೀಟಿ ಕಟ್ಟಿರಲಿಲ್ಲ ಎಂಬುದನ್ನು ಅವರು ಅಲ್ಲಿಯೇ, ಅದೇ ಹೊತ್ತಿನಲ್ಲಿ ನನಗೆ ತಿಳಿಸಿದರು.