ಓಲ, ಬ್ವೇನೊಸ್ ದೀಯಸ್: ಸ್ಪ್ಯಾನಿಷ್ ನಮಸ್ಕಾರಕ್ಕೆ ಕನ್ನಡದ್ದೇ ದಾರಿ

ಸ್ಪ್ಯಾನಿಷ್ ಕಲಿಯಲು ಕೂತವರು ಮೊದಲ ದಿನವೇ ಅಡ್ಡದಾರಿ ಹಿಡಿಯುವುದುಂಟು. ಪುಸ್ತಕದಲ್ಲಿರುವುದು ಎ ಬಿ ಸಿ ಡಿ, ಹಾಗಾಗಿ ಓದುವುದೂ ಇಂಗ್ಲಿಷಿನ ಹಾಗೆ. ಮಧ್ಯಾಹ್ನದ ನಮಸ್ಕಾರ ಹೇಳಹೊರಟ ಬಾಯಿಂದ ‘ಬ್ಯೂನಾಸ್ ಟಾರ್ಡೆಸ್’ ಎಂದು ಬರುತ್ತದೆ. ಸ್ಪ್ಯಾನಿಷಿನಲ್ಲಿ ನಮ್ಮ ಟ, ಡ ಇಲ್ಲವೇ ಇಲ್ಲ. ಇರುವುದು ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ತ, ದ. ಸರಿಯಾದದ್ದು ‘ಬ್ವೇನಸ್ ತಾರ್ದೆಸ್’. ಇಂಗ್ಲಿಷ್ ಮನೆಮಾತಿನವರು ಹೆಣಗಾಡುವ ಎಷ್ಟೋ ಶಬ್ದಗಳು ನಮ್ಮ ನಾಲಿಗೆಯಲ್ಲಿ ಆಗಲೇ ಇವೆ. ಇಂಗ್ಲಿಷನ್ನು ನಡುವೆ ತರದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ತೆಗೆದು ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ.

ಶಬ್ದಗಳು

ಸ್ಪ್ಯಾನಿಷಿನಲ್ಲಿ ಸ್ವರ ಐದೇ: ಅ, ಎ, ಇ, ಒ, ಉ. ಯಾವ ಪದದಲ್ಲಿ ಬಂದರೂ ಅದೇ ಧ್ವನಿ. ‘ಅ’ ಹೇಳುವಾಗ ಮಾತ್ರ ಬಾಯಿ ‘ಆ’ ಅನ್ನುವಷ್ಟು ತೆರೆದಿರಲಿ.

ಎಚ್ ಅಕ್ಷರಕ್ಕೆ ಧ್ವನಿಯೇ ಇಲ್ಲ. ನಮಸ್ಕಾರ ಎನ್ನಲು ಎಲ್ಲರಿಗೂ ಗೊತ್ತಿರುವ ಆ ಮೊದಲ ಪದ ‘ಹೋಲಾ’ ಅಲ್ಲ, ‘ಓಲ’. ಹ ಧ್ವನಿ ಬೇಕಾದಾಗ ಅವರು ಜೆ ಬರೆಯುತ್ತಾರೆ. ಜಿ ಮುಂದೆ ಇ (e) ಅಥವಾ ಐ (i) ಅಕ್ಷರ ಬಂದರೂ ಅದೇ ಹ. ಜಾರ್ಜ್ ಎಂದು ಓದಿಬಿಡುವ ಹೆಸರು ನಿಜಕ್ಕೂ ‘ಹೋರ್ಹೆ’. ಮೆಕ್ಸಿಕೊ, ಕೊಲಂಬಿಯಾದವರ ಜೊತೆ ಕಾಲ್ ಇರುವವರು ಇದನ್ನು ಮೊದಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಎನ್ ಮೇಲೆ ಅಲೆಯಂಥ ಗೆರೆ ಕಂಡರೆ ಅದು ನಮ್ಮ ಞ. ವರ್ಣಮಾಲೆಯಲ್ಲಿ ಕಲಿತು ಮರೆತ ಅಕ್ಷರ ಇಲ್ಲಿ ದಿನಾ ಬೇಕು: ‘ಮಞಾನ’ ಎಂದರೆ ನಾಳೆ. ಹೊಸ ವರ್ಷಕ್ಕೆ ‘ಫೆಲೀಸ್ ಆಞೊ ನ್ವೇಬೊ’ ಎಂದು ಮೆಸೇಜ್ ಕಳಿಸುವಾಗ ಆ ಗೆರೆ ಬಿಟ್ಟರೆ ‘ಆನೊ’ ಆಗುತ್ತದೆ. ಅದರರ್ಥ ಗುದದ್ವಾರ. ಫೋನಿನಲ್ಲಿ ಎನ್ ಕೀಯನ್ನು ಒತ್ತಿ ಹಿಡಿದರೆ ಗೆರೆಯಿರುವ ಅಕ್ಷರ ಸಿಗುತ್ತದೆ.

ನಮ್ಮದೇ ಎರಡು ಅಭ್ಯಾಸಗಳನ್ನು ಮಾತ್ರ ಬಿಡಬೇಕು. ‘ಎಲ್ಲಿ’ಯನ್ನು ‘ಯೆಲ್ಲಿ’, ‘ಒಂದು’ವನ್ನು ‘ವೊಂದು’ ಎನ್ನುವ ನಾವು ‘ಓಲ’ವನ್ನು ‘ವೋಲ’ ಮಾಡುತ್ತೇವೆ, ‘ಎಸ್ತಾಸ್’ಗೆ ಯಕಾರ ಅಂಟಿಸುತ್ತೇವೆ. ಇನ್ನೊಂದು, ಬಸ್ಸನ್ನು ‘ಬಸ್ಸು’ ಮಾಡಿದಂತೆ ಕೊನೆಗೆ ಉಕಾರ ಸೇರಿಸುವುದು. ‘ಗ್ರಾಸ್ಯಸ್’ ಅಲ್ಲಿಗೇ ನಿಲ್ಲಬೇಕು, ‘ಗ್ರಾಸ್ಯಸು’ ಬೇಡ. ಈ ಧನ್ಯವಾದ ಸ್ಪೇನಿನ ಬಹುಭಾಗದಲ್ಲಿ ‘ಗ್ರಾಥ್ಯಸ್’ ಎಂದು ಕೇಳಿಸುತ್ತದೆ, ನಾಲಿಗೆ ತುದಿ ಹಲ್ಲುಗಳ ನಡುವೆ. ಲ್ಯಾಟಿನ್ ಅಮೆರಿಕದಲ್ಲಿ ಸ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

ಒತ್ತು

ಕನ್ನಡಿಗರಿಗೆ ನಿಜವಾಗಿ ಕಷ್ಟ ಇಲ್ಲಿದೆ. ಒತ್ತು ಎಂದರೆ ಒತ್ತಕ್ಷರವಲ್ಲ, ಪದದ ಒಂದು ಉಚ್ಚಾರಾಂಶವನ್ನು ತುಸು ಜೋರಾಗಿ ಹೇಳುವುದು. ನಮ್ಮ ಮಾತಿನಲ್ಲಿ ಅದು ಅರ್ಥ ಬದಲಿಸುವುದಿಲ್ಲ, ಅಲ್ಲಿ ಬದಲಿಸುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ‘ಪಾಪ’ ಎಂದರೆ ಆಲೂಗಡ್ಡೆ, ‘ಪಪಾ’ ಎಂದರೆ ಅಪ್ಪ. ನಿಯಮ ಸರಳ. ಪದ ಸ್ವರದಲ್ಲಾಗಲಿ, ಎನ್ ಅಥವಾ ಎಸ್‌ನಲ್ಲಾಗಲಿ ಮುಗಿದರೆ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಒತ್ತು. ಬೇರೆ ಅಕ್ಷರದಲ್ಲಿ ಮುಗಿದರೆ ಕೊನೆಯದಕ್ಕೆ. ಸ್ವರದ ಮೇಲೆ ಓರೆಗೆರೆ ಇದ್ದರೆ ನಿಯಮ ಬಿಟ್ಟು ಅಲ್ಲೇ ಒತ್ತಿ. ಬರೆದುಕೊಳ್ಳುವಾಗ ಒತ್ತು ಬೀಳುವ ಕಡೆ ದೀರ್ಘ ಹಾಕಿದರೆ ಸಾಕು: ಅದ್ಯೋಸ್, ಮಞಾನ, ಉಸ್ತೇದ್. ಇಲ್ಲಿ ಹಾಗೆಯೇ ಬರೆದಿದ್ದೇನೆ. ಸಂಗೀತದಂತೆ ಎಳೆಯಬೇಕಿಲ್ಲ, ತುಸು ಜೋರಾದರಾಯಿತು.

ಗಡಿಯಾರವಲ್ಲ, ಊಟ ನೋಡಿ

ಬೆಳಿಗ್ಗೆ ‘ಬ್ವೇನೊಸ್ ದೀಯಸ್’, ಆಮೇಲೆ ‘ಬ್ವೇನಸ್ ತಾರ್ದೆಸ್’, ಕತ್ತಲಾದ ಮೇಲೆ ‘ಬ್ವೇನಸ್ ನೋಚೆಸ್’. ಸ್ಪೇನಿನಲ್ಲಿ ಮಧ್ಯಾಹ್ನದ ಊಟವೇ ಎರಡು ಗಂಟೆಯ ಸುಮಾರಿಗೆ. ಊಟವಾಗುವ ತನಕ ಬೆಳಗಿನ ನಮಸ್ಕಾರವೇ ನಡೆಯುತ್ತದೆ. ಮೊದಲನೆಯದರಲ್ಲಿ ‘ನೊಸ್’, ಉಳಿದೆರಡರಲ್ಲಿ ‘ನಸ್’ ಇರುವುದು ಲಿಂಗದ ಕಾರಣಕ್ಕೆ: ದಿನ ಪುಲ್ಲಿಂಗ, ಸಂಜೆ ಮತ್ತು ರಾತ್ರಿ ಸ್ತ್ರೀಲಿಂಗ. ‘ಬ್ವೇನಸ್ ನೋಚೆಸ್’ ಗುಡ್ ನೈಟ್‌ನಂತೆ ಬೀಳ್ಕೊಡುಗೆಗಷ್ಟೇ ಅಲ್ಲ. ರಾತ್ರಿ ಹೋಟೆಲಿಗೆ ಹೊಕ್ಕಾಗಲೂ ಅದನ್ನೇ ಹೇಳುತ್ತಾರೆ. ಹೊತ್ತು ಯಾವುದೆಂದು ಅನುಮಾನ ಬಂದರೆ ಬರೀ ‘ಬ್ವೇನಸ್’ ಎನ್ನಿ, ನಡೆಯುತ್ತದೆ.

ಹೇಗಿದ್ದೀಯ, ಹೇಗಿದ್ದೀರಿ

ಗೆಳೆಯರಿಗೆ ‘ಕೋಮೊ ಎಸ್ತಾಸ್?’, ಹಿರಿಯರಿಗೆ, ಅಪರಿಚಿತರಿಗೆ ‘ಕೋಮೊ ಎಸ್ತಾ ಉಸ್ತೇದ್?’. ನೀನು, ನೀವು ಭೇದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಳಕೆ ಊರಿಂದೂರಿಗೆ ಬೇರೆ: ಸ್ಪೇನಿನಲ್ಲಿ ಬೇಗನೇ ಏಕವಚನಕ್ಕೆ ಇಳಿಯುತ್ತಾರೆ, ಕೊಲಂಬಿಯಾದ ರಾಜಧಾನಿ ಬೊಗೊತಾದಲ್ಲಿ ಆಪ್ತರ ನಡುವೆಯೂ ‘ಉಸ್ತೇದ್’ ಕೇಳಿಸುತ್ತದೆ. ಎದುರಿನವರು ಯಾವುದನ್ನು ಬಳಸುತ್ತಾರೋ ಅದನ್ನೇ ಹಿಂಬಾಲಿಸಿ. ಎರಡಕ್ಕೂ ಉತ್ತರ ಒಂದೇ: ‘ಮುಯ್ ಬ್ಯೇನ್, ಗ್ರಾಸ್ಯಸ್’. ಮರುಪ್ರಶ್ನೆಗೆ ‘ಇ ತೂ?’ ಅಥವಾ ‘ಇ ಉಸ್ತೇದ್?’. ಬರೆಯುವಾಗ ಪ್ರಶ್ನೆಯ ಆರಂಭದಲ್ಲೂ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಭಾಷೆಯ ನಿಯಮಗಳನ್ನು ನೋಡಿಕೊಳ್ಳುವ ಸ್ಪೇನಿನ ರಾಯಲ್ ಅಕಾಡೆಮಿ 1754ರಲ್ಲಿ ತಂದ ಪದ್ಧತಿ ಅದು. ರಾಗವನ್ನು ಎಲ್ಲಿಂದ ಏರಿಸಬೇಕೆಂದು ಓದುವವರಿಗೆ ಮೊದಲೇ ತಿಳಿಯುತ್ತದೆ.

ಪರಿಚಯಕ್ಕೆ ‘ಮೆ ಯಾಮೊ’ ಎಂದು ಹೆಸರು ಹೇಳಿ. ಅರ್ಜೆಂಟೀನಾದ ಬ್ವೇನೊಸ್ ಐರೆಸ್‌ನವರು ಇದನ್ನೇ ‘ಮೆ ಶಾಮೊ’ ಎನ್ನುತ್ತಾರೆ, ಗಾಬರಿಯಾಗಬೇಡಿ. ‘ಭೇಟಿಯಾಗಿ ಸಂತೋಷ’ ಎನ್ನಲು ಗಂಡಸು ‘ಎಂಕಂತಾದೊ’, ಹೆಂಗಸು ‘ಎಂಕಂತಾದ’ ಎನ್ನಬೇಕು. ‘ನಾನು ಬಂದೆ’ ಎಂದು ಇಬ್ಬರೂ ಒಂದೇ ಥರ ಹೇಳುವ ನಮಗೆ ಇದು ತಪ್ಪಿಹೋಗುವುದು ಸಹಜ. ‘ಮೂಚೊ ಗೂಸ್ತೊ’ ಎಂದುಬಿಟ್ಟರೆ ಆ ರಗಳೆಯಿಲ್ಲ. ಸ್ಪೇನಿನಲ್ಲಿ ಪರಿಚಯವಾದ ಕೂಡಲೇ ಎರಡೂ ಕೆನ್ನೆಗೆ ಕೆನ್ನೆ ತಾಗಿಸುವ ರೂಢಿಯಿದೆ, ಹೆಚ್ಚಾಗಿ ಹೆಂಗಸರ ನಡುವೆ ಮತ್ತು ಗಂಡು-ಹೆಣ್ಣಿನ ನಡುವೆ. ಮೆಕ್ಸಿಕೊದಲ್ಲಿ ಒಂದೇ ಕೆನ್ನೆ. ಇಷ್ಟವಿಲ್ಲದಿದ್ದರೆ ಮೊದಲೇ ಕೈ ಚಾಚಿ.

ಹೊರಡುವಾಗ, ಫೋನಿನಲ್ಲಿ

‘ಅದ್ಯೋಸ್’ ಪುಸ್ತಕದ ಪಾಠವಾದರೆ ದಿನಬಳಕೆಯಲ್ಲಿ ‘ಆಸ್ತ ಲ್ವೇಗೊ’ ಹೆಚ್ಚು. ಮತ್ತೆಂದೂ ಹೋಗದ ಅಂಗಡಿಯವರಿಗೂ ಸ್ಪೇನಿನವರು ‘ಆಮೇಲೆ ಸಿಗೋಣ’ ಎಂದೇ ಹೊರಡುತ್ತಾರೆ. ನಾಳೆ ಸಿಗುವವರಿಗೆ ‘ಆಸ್ತ ಮಞಾನ’, ಸಲುಗೆಯವರಿಗೆ ‘ಚಾವ್’.

ಫೋನ್ ಎತ್ತಿದವರು ‘ಓಲ’ ಎನ್ನದಿದ್ದರೆ ರಾಂಗ್ ನಂಬರ್ ಎಂದುಕೊಳ್ಳಬೇಡಿ. ಮೆಕ್ಸಿಕೊದಲ್ಲಿ ‘ಬ್ವೇನೊ?’, ಸ್ಪೇನಿನಲ್ಲಿ ‘ದೀಗ?’, ಕೊಲಂಬಿಯಾ, ಪೆರುಗಳಲ್ಲಿ ‘ಅಲೋ?’ ಎನ್ನುತ್ತಾರೆ. ನೀವು ‘ಬ್ವೇನೊಸ್ ದೀಯಸ್’ ಎಂದು ಶುರುಮಾಡಿ, ನಿಮ್ಮ ಹೆಸರು ಹೇಳಿ, ಆಮೇಲೆ ವಿಷಯಕ್ಕೆ ಬನ್ನಿ.