ರೈಟರ್ ಕಣ್ಣಂದಾಜು ಮತ್ತು ನನ್ನ ಸ್ಯಾಂಪ್ಲಿಂಗ್ ರಿಸರ್ಚು: ನನ್ನ ಅನುಭವ

ನಮ್ಮ ಸಕಲೇಶಪುರ ಕಡೆ ಹೂಮಳೆ ಬಿದ್ದು ಕಾಫಿ ಹೂ ಆಯ್ತು ಅಂದ್ರೆ ಎಲ್ರೂ ಎಸ್ಟಿಮೇಟ್ ಹಾಕೋರೇ. ಟೀ ಅಂಗಡೀಲಿ ಕೂತೋರು ಹಾಕ್ತಾರೆ, ವ್ಯಾಪಾರದೋರು ಹಾಕ್ತಾರೆ, ಎಸ್ಟೇಟ್ ರೈಟರ್ (ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋರು) ಹಾಕ್ತಾರೆ, ಕಾಫಿ ಬೋರ್ಡ್‌ನೋರು ಹೂ ಆದ್ಮೇಲೆ ಒಂದ್ಸಲ, ಮಳೆಗಾಲ ಮುಗಿದ್ಮೇಲೆ ಇನ್ನೊಂದ್ಸಲ ಅಧಿಕೃತವಾಗೇ ಹಾಕ್ತಾರೆ. ನಾನು ಮೈಸೂರಿನ ಮಾನಸಗಂಗೋತ್ರಿಲಿ ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮುಗಿಸಿ ಹಾಸನದಲ್ಲಿ ಪಾಠ ಮಾಡ್ಕೊಂಡು ಪಿಎಚ್‌ಡಿ ಶುರು ಮಾಡಿದಾಗ ಸ್ಯಾಂಪಲ್ ಸರ್ವೆನೇ ತಗೊಂಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ, ಗೈಡ್ ಅದರಲ್ಲಿ ಕೆಲಸ ಮಾಡ್ತಿದ್ರು ಅಷ್ಟೆ. ಆದ್ರೆ ಆಮೇಲಿನ ವರ್ಷಗಳೆಲ್ಲ ಒಂದೇ ಪ್ರಶ್ನೆ ಸುತ್ತ ಸುತ್ತಿದೀನಿ: ಅಳೆಯೋಕೆ ಖರ್ಚು ಜಾಸ್ತಿ, ಎಲ್ಲಾ ಕಡೆ ಅಳೆಯೋಕಾಗಲ್ಲ, ಆದ್ರೆ ಎಲ್ಲಾ ಕಡೆ ಪುಕ್ಕಟೆಯಾಗಿ ಗೊತ್ತಿರೋ ಇನ್ನೊಂದೇನೋ ಇದೆ, ಅದನ್ನ ಹೆಂಗೆ ಬಳಸ್ಕೊಳ್ಳೋದು?

ಪುಸ್ತಕದಲ್ಲಿ ಇದಕ್ಕೆ ಉತ್ತರ ರೇಶಿಯೋ ಎಸ್ಟಿಮೇಟರ್, ರಿಗ್ರೆಶನ್ ಎಸ್ಟಿಮೇಟರ್, ಅಂದ್ರೆ ಪುಕ್ಕಟೆ ಗೊತ್ತಿರೋದನ್ನ ಇಟ್ಕೊಂಡು ಅಳತೆಯ ಸರಾಸರಿನ ತಿದ್ದೋ ಸೂತ್ರಗಳು. ನಮ್ಮ ದೇಶದಲ್ಲಿ ಇದರ ಮೇಲೆ ಬಂದಿರೋ ಪೇಪರ್‌ಗಳು ಲೆಕ್ಕ ಇಲ್ಲ, ನಾನೂ ಶುರುನಲ್ಲಿ ಒಂದಷ್ಟು ಬರ್ದೆ. ಸಹಾಯಕ ಚರದ (ಆ ಪುಕ್ಕಟೆ ಗೊತ್ತಿರೋ ಸಂಖ್ಯೆಯ) ಕರ್ಟೋಸಿಸ್ ಅನ್ನೋ ಅಳತೆ ಗೊತ್ತಿದೆ ಅಂತ ಇಟ್ಕೊಂಡು, ಒಂದು ಎಕ್ಸ್‌ಪೊನೆನ್ಶಿಯಲ್ ಸೇರಿಸಿ, ಎರಡು ಕಾನ್‌ಸ್ಟಂಟ್ ಹಾಕಿ ಎಂಎಸ್‌ಇ (ಅಂದಾಜಿನ ತಪ್ಪಿನ ವರ್ಗದ ಸರಾಸರಿ) ಕಮ್ಮಿ ಮಾಡಿ ತೋರ್ಸೋದು. ಫಸ್ಟ್ ಆರ್ಡರ್ ಅಪ್ರಾಕ್ಸಿಮೇಶನ್‌ನಲ್ಲಿ ಅವುಗಳಲ್ಲಿ ಬಹಳಷ್ಟು ಕೊನೆಗೆ ಹೋಗಿ ನಿಲ್ಲೋದು ಹಳೇ ರಿಗ್ರೆಶನ್ ಎಸ್ಟಿಮೇಟರ್ ಹತ್ರಾನೇ. ಪ್ರಮೋಶನ್‌ಗೆ ಪಾಯಿಂಟ್ ಬರ್ತದೆ, ತೋಟಕ್ಕೆ ಏನೂ ಬರಲ್ಲ. ನನ್ನ ಅಭಿಪ್ರಾಯ ಇದು, ಬೇಜಾರಾಗೋರು ಆಗ್ಲಿ.

ತೋಟಕ್ಕೆ ಇಳಿದ ಮೇಲೆ ಮೊದಲು ಎದುರಾಗಿದ್ದು ಪಟ್ಟಿ. ಸ್ಯಾಂಪಲ್ ಎತ್ಬೇಕು ಅಂದ್ರೆ ಯಾವುದರಿಂದ ಎತ್ತೋದು ಅಂತ ಒಂದು ಫ್ರೇಮ್ ಬೇಕಲ್ಲ, ಪಹಣಿ ಪಟ್ಟಿ ತಗೊಂಡ್ವಿ. ಒಂದು ಮನೆಗೆ ಒಂದು ಪಹಣಿ ಅಂತ ಎಲ್ಲಿದೆ? ಒಬ್ರ ಹೆಸರಲ್ಲಿ ಆರು ಪಹಣಿ ಇರ್ತದೆ, ತೀರಿಹೋದ ಅಜ್ಜನ ಹೆಸರಲ್ಲಿ ಇರೋದನ್ನ ಮೂರು ಜನ ಮೊಮ್ಮಕ್ಕಳು ಮಾಡ್ತಿರ್ತಾರೆ, ಇನ್ನು ಒತ್ತುವರಿ ತೋಟ ಪಹಣಿಲೇ ಇರಲ್ಲ. ಆರು ಪಹಣಿ ಇರೋ ಮನೆ ಪಟ್ಟಿಲಿ ಆರು ಸಲ ಬರ್ತದೆ, ಅಂದ್ರೆ ಸ್ಯಾಂಪಲ್‌ಗೆ ಬೀಳೋ ಚಾನ್ಸ್ ಒಂದು ಪಹಣಿ ಇರೋರಿಗಿಂತ ಹತ್ತಿರ ಹತ್ತಿರ ಆರು ಪಟ್ಟು. ಅದನ್ನ ಹಂಗೇ ಸರಾಸರಿ ಮಾಡಿದ್ರೆ ಜಿಲ್ಲೇಲಿ ಇರೋರೆಲ್ಲ ದೊಡ್ಡ ಪ್ಲಾಂಟರ್‌ಗಳೇ ಅನ್ನೋ ಹಂಗೆ ಉತ್ತರ ಬರ್ತದೆ. 1952ರಲ್ಲಿ ಹಾರ್ವಿಟ್ಜ್ ಮತ್ತು ಥಾಂಪ್ಸನ್ ಕೊಟ್ಟ ದಾರಿ ಇಲ್ಲಿ ಕೈ ಹಿಡೀತು, ಯಾರು ಸಿಗೋ ಸಂಭವ ಎಷ್ಟಿದೆಯೋ ಅದರಿಂದ ಅವರ ಬೆಳೆನ ಭಾಗಿಸಿ ಕೂಡಿಸೋದು. ಅದಕ್ಕೆ ಪ್ರತಿ ಮನೇಲೂ "ಗೌಡ್ರೇ, ನಿಮ್ಮನೇಲಿ ಒಟ್ಟು ಎಷ್ಟು ಪಹಣಿ?" ಅಂತ ಕೇಳ್ಲೇಬೇಕಾಯ್ತು. ಈ ಒಂದು ಪ್ರಶ್ನೆಗೆ ಸಿಕ್ಕಷ್ಟು ಅನುಮಾನದ ನೋಟ ಬೇರೆ ಯಾವ ಪ್ರಶ್ನೆಗೂ ಸಿಗ್ಲಿಲ್ಲ, ಮೇಷ್ಟ್ರು ಸರ್ವೆ ಅಂತ ಬಂದು ತೆರಿಗೆಯೋರಿಗೆ ಹೇಳ್ತಾರೆ ಅಂತ.

ಇನ್ನು ತೋಟದ ಒಳಗೆ. ಗಿಡ ಆರಿಸ್ಬೇಕು, ಗಿಡದಲ್ಲಿ ರೆಕ್ಕೆ (ಅಡ್ಡ ಕೊಂಬೆ) ಆರಿಸ್ಬೇಕು, ರೆಕ್ಕೇಲಿ ಗೆಣ್ಣು ಎಣಿಸ್ಬೇಕು, ಗೆಣ್ಣಿಗೆಷ್ಟು ಕಾಯಿ ಅಂತ ನೋಡ್ಬೇಕು. ಹುಡುಗ್ರನ್ನ ಸುಮ್ನೆ ಬಿಟ್ರೆ ಎಲ್ರ ಕೈಯೂ ಕಾಯಿ ತುಂಬಿರೋ ರೆಕ್ಕೆಗೇ ಹೋಗೋದು, ಬೇಕು ಅಂತ ಅಲ್ಲ, ಕಣ್ಣಿಗೆ ಬೀಳೋದೇ ಅದು. ಸ್ಟ್ಯಾಟಿಸ್ಟಿಶಿಯನ್ ಮಹಾಲನೋಬಿಸ್ ಬಂಗಾಳದ ಬೆಳೆ ಸರ್ವೆಗಳಲ್ಲಿ ಕಂಡಿದ್ದೂ ಇದೇ ಜಾತಿ ತೊಂದರೆ, ಕೊಯ್ಯೋ ತುಂಡು ಸಣ್ಣದಾದಷ್ಟೂ ಗಡಿ ಮೇಲಿರೋ ಗಿಡನ ಒಳಕ್ಕೆ ಸೇರಿಸ್ಕೊಂಡು ಇಳುವರಿ ಜಾಸ್ತಿ ತೋರಿಸೋದು. ಆ ತುಂಡು ಎಷ್ಟು ದೊಡ್ಡದಿರ್ಬೇಕು ಅಂತ ಅವರಿಗೂ ಇನ್ನೊಬ್ಬ ಸ್ಟ್ಯಾಟಿಸ್ಟಿಶಿಯನ್ ಸುಖಾತ್ಮೆಯವರಿಗೂ ನಡೆದ ವಾದ ನಮ್ಮ ಫೀಲ್ಡ್‌ನಲ್ಲಿ ಎಲ್ರಿಗೂ ಗೊತ್ತು. ನಾವು ಮಾಡಿದ್ದು ಇಷ್ಟೆ: ಮೇಲಿಂದ ಕೆಳಕ್ಕೆ ರೆಕ್ಕೆ ಎಣಿಸು, ಎಷ್ಟಿದೆ ಅಂತ ಮೊದಲೇ ಬರಿ, ಆಮೇಲೆ ಮೊಬೈಲ್‌ನಲ್ಲಿ ರ‍್ಯಾಂಡಮ್ ನಂಬರ್ ಒತ್ತು, ಹದಿನೇಳು ಬಂದ್ರೆ ಹದಿನೇಳನೇದೇ, ಅದರಲ್ಲಿ ಒಂದು ಕಾಯಿ ಇಲ್ದಿದ್ರೂ ಸೊನ್ನೆ ಅಂತ ಬರ್ಕೋ. ಆ ಸೊನ್ನೆ ಬರೆಯೋಕೆ ಹುಡುಗ್ರಿಗೆ ಮನಸ್ಸೇ ಬರ್ತಿರ್ಲಿಲ್ಲ, "ಸಾರ್ ಪಕ್ಕದ್ದು ಚೆನ್ನಾಗಿದೆ ಸಾರ್" ಅಂತಿದ್ರು.

ಗಿಡ ಆರ್ಸೋಕೆ ಮೊದಲು ಸಿಸ್ಟಮ್ಯಾಟಿಕ್ ಸ್ಯಾಂಪ್ಲಿಂಗ್ ಅಂತ ಪ್ಲಾನ್ ಇತ್ತು, ಸಾಲಲ್ಲಿ ನಡ್ಕೊಂಡು ಇಂತಿಷ್ಟಕ್ಕೊಂದು ಗಿಡ, ಸುಲಭ. ಆದ್ರೆ ಒಬ್ರು ರೈಟರ್ ನಕ್ಷೆ ನೋಡಿ "ಅಲ್ಲ ಮೇಷ್ಟ್ರೇ, ನಮ್ಮ ಸಿಲ್ವರ್ ಓಕೂ ಲೆಕ್ಕವಾಗೇ ನೆಟ್ಟಿರೋದು" ಅಂದ್ರು. ಸರಿ, ನಾಕು ಗಿಡಕ್ಕೊಂದು ಮರ ಇದ್ದು ನಾವು ಎಂಟು ಗಿಡಕ್ಕೊಂದು ಎಣಿಸಿದ್ರೆ ಒಂದೋ ಎಲ್ಲಾ ಮರದ ಬುಡದ ಗಿಡಗಳೇ ಸಿಗ್ತಾವೆ, ಇಲ್ಲಾ ಒಂದೂ ಸಿಗಲ್ಲ. ಪೀರಿಯಾಡಿಸಿಟಿ ಅಂತ ಪರೀಕ್ಷೇಲಿ ಐದು ಮಾರ್ಕಿಗೆ ಬರೆಸೋದು ಇದನ್ನೇ, ಅದನ್ನ ಪುಸ್ತಕ ಓದ್ದೇ ಇರೋ ಮನುಷ್ಯ ಹೇಳಿದ್ರು. ಆಮೇಲೆ ಪ್ರತಿ ಸಾಲಿಗೂ ಹೊಸ ರ‍್ಯಾಂಡಮ್ ಸ್ಟಾರ್ಟ್.

ಆ ರೈಟರಿಂದಾನೇ ನನ್ನ ರಿಸರ್ಚಿನ ಮುಖ್ಯ ಭಾಗ ಶುರುವಾಗಿದ್ದು. ಅವರು ಪ್ರತಿ ಬ್ಲಾಕ್ ನೋಡಿ "ಇಲ್ಲಿ ಎಕರೆಗೆ ಹದಿನೈದು ಮೂಟೆ, ಅಲ್ಲಿ ಹದಿನೆಂಟು" ಅಂತ ಹೇಳ್ಕೊಂಡು ಹೋಗೋರು. ಕೊಯ್ಲಾದ್ಮೇಲೆ ನೋಡಿದ್ರೆ ಎಲ್ಲಾ ಕಮ್ಮಿ ಹೇಳಿರ್ತಿದ್ರು. ಕಾರಣ ಸುಲಭ, ಜಾಸ್ತಿ ಹೇಳಿ ಕಮ್ಮಿ ಬಂದ್ರೆ ಸಾವ್ಕಾರ್ರ ಹತ್ರ ಬೈಸ್ಕೋಬೇಕು. ಆದ್ರೆ ಎಲ್ಲಾ ಬ್ಲಾಕ್‌ನಲ್ಲೂ ಒಂದೇ ತರ ಕಮ್ಮಿ ಹೇಳ್ತಿದ್ರು, ಚೆನ್ನಾಗಿರೋದು ಯಾವುದು ಕೆಟ್ಟಿರೋದು ಯಾವುದು ಅನ್ನೋದ್ರಲ್ಲಿ ಎಡವ್ತಿರ್ಲಿಲ್ಲ. ನಮಗೆ ಬೇಕಿರೋದು ಅಷ್ಟೇ. ಎಲ್ಲಾ ಬ್ಲಾಕಿಗೂ ಅವರ ಕಣ್ಣಂದಾಜು ಬರ್ಕೊಳ್ಳೋದು, ಅದರಲ್ಲಿ ಕೆಲವನ್ನ ಮಾತ್ರ ರ‍್ಯಾಂಡಮ್ಮಾಗಿ ಎತ್ತಿ ನಿಜವಾಗ್ಲೂ ಅಳೆಯೋದು. ಲೆಕ್ಕಕ್ಕೆ ಹಿಂಗಂದ್ಕೊಳ್ಳಿ, ಎಲ್ಲಾ ಬ್ಲಾಕಿನ ಕಣ್ಣಂದಾಜಿನ ಸರಾಸರಿ 16 ಮೂಟೆ, ಅಳೆದ ಬ್ಲಾಕುಗಳಲ್ಲಿ ಕಣ್ಣಂದಾಜು 15, ಅಳತೆ 18. ರೇಶಿಯೋ ಪ್ರಕಾರ 18ನ್ನ 15ರಿಂದ ಭಾಗಿಸಿ 16ರಿಂದ ಗುಣಿಸಿದ್ರೆ 19.2. ರಿಗ್ರೆಶನ್ ಪ್ರಕಾರ, ಇಳಿಜಾರು (ಕಣ್ಣಂದಾಜು ಒಂದು ಮೂಟೆ ಏರಿದ್ರೆ ಅಳತೆ ಎಷ್ಟು ಏರ್ತದೆ ಅನ್ನೋದು) 0.9 ಇದ್ರೆ, 16ಕ್ಕೂ 15ಕ್ಕೂ ಒಂದು ಮೂಟೆ ವ್ಯತ್ಯಾಸ, ಅದಕ್ಕೆ 18ಕ್ಕೆ 0.9 ಸೇರಿಸಿ 18.9. ಬರೀ ಅಳತೆ ನಂಬ್ಕೊಂಡಿದ್ರೆ 18ಕ್ಕೇ ನಿಲ್ತಿದ್ವಿ, ಯಾಕಂದ್ರೆ ಈ ಸಲ ಸ್ಯಾಂಪಲ್‌ಗೆ ಬಿದ್ದಿದ್ದು ಸ್ವಲ್ಪ ಸಪ್ಪೆ ಬ್ಲಾಕುಗಳು, ಅದನ್ನ ನಮಗೆ ಹೇಳಿದ್ದು ರೈಟರ್ ಕಣ್ಣು. ಇದು ಹೊಸ ವಿದ್ಯೆ ಅಲ್ಲ, 1937ರಲ್ಲೇ ವಾಟ್ಸನ್ ಅನ್ನೋರು ಗಿಡದ ಎಲೆಗಳನ್ನ ತೂಕ ಮಾಡಿ, ಕೆಲವೇ ಎಲೆಗಳ ವಿಸ್ತೀರ್ಣ ಅಳೆದು ಇದೇ ಕೆಲಸ ಮಾಡಿದ್ರು. ನಾನು ಮಾಡಿದ್ದು ಬೇರೆ ಬೇರೆ ರೈಟರ್‌ಗಳ ಇಳಿಜಾರು ಬೇರೆ ಬೇರೆ ಇದ್ದಾಗ ಏನು ಮಾಡೋದು ಅನ್ನೋ ಭಾಗ.

ಹೋದ ವರ್ಷದ ಬೆಳೆನೇ ಸಹಾಯಕ ಚರ ಮಾಡ್ಬೋದಲ್ಲ ಅಂತ ಸುಮಾರು ಜನ ಕೇಳಿದಾರೆ. ಅರೇಬಿಕಾದಲ್ಲಿ ಅದು ನಡೆಯಲ್ಲ ಕಣ್ರೀ, ಒಂದು ವರ್ಷ ಬೆಳೆ ಜಾಸ್ತಿ ಬಂದ್ರೆ ಮುಂದಿನ ವರ್ಷ ಗಿಡ ಸುಸ್ತು. ಎರಡು ಚರಗಳ ಸಿವಿ (ಸರಾಸರಿಗೆ ಹೋಲಿಸಿದ್ರೆ ಏರುಪೇರು ಎಷ್ಟು ಅನ್ನೋದು) ಹೆಚ್ಚೂಕಮ್ಮಿ ಸಮ ಇದ್ದಾಗ ಕೋರಿಲೇಶನ್ (ಎರಡೂ ಎಷ್ಟು ಜೊತೆಜೊತೆಗೆ ಏರಿಳೀತಾವೆ ಅನ್ನೋದು) 0.5ಕ್ಕಿಂತ ಮೇಲಿದ್ರೆ ಮಾತ್ರ ರೇಶಿಯೋ ಎಸ್ಟಿಮೇಟರ್ ಬರೀ ಸರಾಸರಿಗಿಂತ ಚೆನ್ನಾಗಿರೋದು, ಇಲ್ಲಿ ಅದು ಮೈನಸ್‌ಗೂ ಹೋಗ್ಬೋದು. ಸ್ಯಾಟಲೈಟ್? ಅಮೆರಿಕದ ಅಯೋವಾದ 12 ಕೌಂಟಿಗಳಲ್ಲಿ ಮೆಕ್ಕೆಜೋಳ, ಸೋಯಾ ವಿಸ್ತೀರ್ಣಕ್ಕೆ ಲ್ಯಾಂಡ್‌ಸ್ಯಾಟ್ ಚಿತ್ರ ಬಳಸಿದ 1988ರ ಪೇಪರ್ ನಮ್ಮ ಸಬ್ಜೆಕ್ಟಲ್ಲಿ ಬಹಳ ಫೇಮಸ್ಸು. ಅಲ್ಲಿ ಬಯಲು, ಬೆಳೆ ಕಾಣ್ತದೆ. ಇಲ್ಲಿ ಕಾಫಿ ನೆರಳಿನ ಕೆಳಗೆ, ಮೇಲಿಂದ ಕಾಣೋದು ಮರದ ತಲೆ ಮಾತ್ರ.

ಆನೆ ವಿಷಯ ಹೇಳ್ದೆ ಮುಂದೆ ಹೋಗೋಕಾಗಲ್ಲ. ಆಲೂರು, ಸಕಲೇಶಪುರ ಕಡೆ ತೋಟಕ್ಕೆ ಆನೆ ಬಂದಿದೆ ಅಂದ್ರೆ ಅವತ್ತು ಫೀಲ್ಡ್ ವರ್ಕ್ ಬಂದ್. ಆ ತೋಟ ಬಿಟ್ಟು ಪಕ್ಕದ್ದು ತಗೊಂಡ್ರೆ ಕೆಲಸ ಮುಗೀತದೆ, ಆದ್ರೆ ಆನೆ ತುಳಿದ ತೋಟಗಳೇ ಸ್ಯಾಂಪಲ್‌ನಿಂದ ತಪ್ಪಿಸ್ಕೊಂಡು ಹೋಗ್ತಾವೆ, ಇಳುವರಿ ಮತ್ತೆ ಮೇಲಕ್ಕೆ ಏರ್ತದೆ. ಅದಕ್ಕೆ ಬದಲಿ ತೋಟ ಇಲ್ಲ ಅಂತ ರೂಲ್ ಮಾಡಿದೀವಿ, ವಾರ ಬಿಟ್ಟಾದ್ರೂ ಅಲ್ಲಿಗೇ ವಾಪಸ್ ಹೋಗ್ಬೇಕು. ಕ್ಲಾಸಲ್ಲಿ ದೇಬಬ್ರತ ಬಸು ಅವರ 1971ರ ಸರ್ಕಸ್ ಆನೆ ಕತೆ ಹೇಳೋದು ಇದರ ಜೊತೆಗೇ. 50 ಆನೆಗಳ ಒಟ್ಟು ತೂಕ ಬೇಕು, ಮಧ್ಯಮ ಗಾತ್ರದ ಸ್ಯಾಂಬೋ ಸಿಗೋ ಸಂಭವ 99/100, ಉಳಿದ ಒಂದೊಂದಕ್ಕೂ 1/4900. ಸ್ಯಾಂಬೋ ಸಿಕ್ಕಿದ್ರೆ ಹಾರ್ವಿಟ್ಜ್-ಥಾಂಪ್ಸನ್ ಹೇಳೋ ಒಟ್ಟು ತೂಕ ಸ್ಯಾಂಬೋನ ತೂಕದ 100/99 ಅಷ್ಟೆ, ಅಂದ್ರೆ ಒಂದೇ ಆನೆ! ದೊಡ್ಡ ಜಂಬೋ ಸಿಕ್ಕಿದ್ರೆ ಅದರ ತೂಕದ 4900 ಪಟ್ಟು. ಬಯಾಸ್ ಇಲ್ಲದ (ಸರಾಸರಿ ಮೇಲೆ ಸರಿಯಾಗೇ ಇರೋ) ಎಸ್ಟಿಮೇಟರೇ, ಆದ್ರೂ ಕತೇಲಿ ಸ್ಟ್ಯಾಟಿಸ್ಟಿಶಿಯನ್ ಕೆಲಸ ಹೋಗ್ತದೆ. ಪಹಣಿ ಲೆಕ್ಕದಲ್ಲಿ ನಾನು ಅದೇ ಸೂತ್ರ ಧೈರ್ಯವಾಗಿ ಹಾಕಿದ್ದು ಯಾಕಂದ್ರೆ ಪಹಣಿ ಜಾಸ್ತಿ ಇರೋರಿಗೆ ಬೆಳೆನೂ ಜಾಸ್ತಿ, ಸಂಭವಕ್ಕೂ ಅಳತೆಗೂ ಸಂಬಂಧ ಇತ್ತು. ಬಸು ಕತೇಲಿ ಅದೇ ಇಲ್ಲ.

ಈಗ ಮಾಡ್ತಿರೋದು ಸ್ಮಾಲ್ ಏರಿಯಾ ಎಸ್ಟಿಮೇಶನ್. ಜಿಲ್ಲೆಗೆ ಅಂತ ಪ್ಲಾನ್ ಮಾಡಿದ ಸ್ಯಾಂಪಲ್‌ನ ಕೊನೇಲಿ ಹೋಬಳಿವಾರು ಕೊಡಿ ಅಂತಾರೆ, ಕೆಲವು ಹೋಬಳೀಲಿ ಎರಡೋ ಮೂರೋ ತೋಟ ಇರ್ತದೆ. ಫೇ ಮತ್ತು ಹೆರಿಯಟ್ 1979ರಲ್ಲಿ ಸಾವಿರಕ್ಕಿಂತ ಕಮ್ಮಿ ಜನ ಇರೋ ಊರುಗಳ ಆದಾಯಕ್ಕೆ ಮಾಡಿದ ಹಂಗೆ, ಆ ಹೋಬಳಿಯ ಸ್ವಂತ ಅಂದಾಜಿಗೂ ಮಳೆ, ವಿಸ್ತೀರ್ಣ, ರೈಟರ್ ಕಣ್ಣಂದಾಜು ಇಟ್ಕೊಂಡು ಮಾಡೆಲ್ ಹೇಳೋದಕ್ಕೂ ತೂಕ ಹಾಕಿ ಸೇರಿಸ್ತೀವಿ, ಸ್ಯಾಂಪಲ್ ಕಮ್ಮಿ ಇದ್ದಷ್ಟೂ ಮಾಡೆಲ್ ಕಡೆ ವಾಲ್ತದೆ. ಕಂಪ್ಯೂಟರಲ್ಲಿ ಇದು ಅರ್ಧ ದಿನದ ಕೆಲಸ. ಕಷ್ಟ ಇರೋದು ಟೇಬಲ್ ಕೊಡೋವಾಗ. ಅಂದಾಜು ಒಂದು ಕಾಲಂ, ಅದರ ಎರರ್ ಇನ್ನೊಂದು ಕಾಲಂ ಅಂತ ಕೊಟ್ರೆ ಮೇಲಿನ ಆಫೀಸಿಗೆ ಹೋಗೋಷ್ಟ್ರಲ್ಲಿ ಎರಡನೇ ಕಾಲಂ ಮಾಯ ಆಗಿರ್ತದೆ, ಆಮೇಲೆ ಆ ಹೋಬಳಿಯೋರು ಫೋನ್ ಮಾಡಿ "ಏನ್ ಮೇಷ್ಟ್ರೇ, ನಮಗೆ ಇಷ್ಟೇನಾ" ಅಂತ ಜಗಳ. ಅದಕ್ಕೆ ಈಗ ಎರಡನೇ ಕಾಲಮ್ಮೇ ಇಡಲ್ಲ, ಒಂದೇ ಕಾಲಮ್ಮಲ್ಲಿ "14ರಿಂದ 19 ಮೂಟೆ" ಅಂತ ಬರ್ದು ಕಳಿಸ್ತೀನಿ, ಅಳಿಸ್ಬೇಕು ಅಂದ್ರೆ ಪೂರ್ತಿ ಅಳಿಸ್ಬೇಕು. ಒಬ್ರು ಆಫೀಸರ್ ಮಾತ್ರ 16.5 ಅಂತ ಮಾಡ್ಕೊಂಡಿದ್ರು.