ಹಿಡಿದರೆ ಬಿಡಿಸದ ವಿಜ್ಞಾನ ಪುಸ್ತಕವನ್ನು ಹುಡುಕುವುದು ಹೇಗೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಗ್ರಂಥಾಲಯಗಳಲ್ಲಿ ಬೆಳಿಗ್ಗೆಯೇ ಕುರ್ಚಿ ಹಿಡಿದು ಕೂರುವವರಲ್ಲಿ ಹೆಚ್ಚಿನವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಭ್ಯರ್ಥಿಗಳು. ಅವರ ಬೆನ್ನ ಹಿಂದಿನ ಕಪಾಟುಗಳಲ್ಲಿ ನಕ್ಷತ್ರ, ನೆಲ, ಹಕ್ಕಿ, ರೋಗ, ಪ್ರವಾಸ, ಆತ್ಮಕಥೆ ಹೀಗೆ ನಾನಾ ವಿಷಯಗಳ ಪುಸ್ತಕಗಳು ದೂಳು ಹಿಡಿದು ನಿಂತಿರುತ್ತವೆ. ಓದುವ ಆಸೆಯಿಂದ ಅತ್ತ ಹೋದವರೂ ಒಂದೆರಡನ್ನು ತೆಗೆದು, ನಾಲ್ಕು ಪುಟ ಮಗುಚಿ, ಇದು ಶಾಲೆಯ ಪಠ್ಯದ ಹಾಗೆಯೇ ಇದೆಯಲ್ಲ ಎಂದು ತಿರುಗಿ ಇಡುವುದುಂಟು. ಆ ದೂರಿನಲ್ಲಿ ಸುಳ್ಳೇನೂ ಇಲ್ಲ. ಪಠ್ಯವನ್ನೇ ಅಲ್ಪಸ್ವಲ್ಪ ಬದಲಿಸಿ, ಬಣ್ಣದ ಮುಖಪುಟ ಹಚ್ಚಿ ಮಾರುವ ಪುಸ್ತಕಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಆದರೆ ಅದೇ ಸಾಲಿನಲ್ಲಿ, ರಾತ್ರಿ ದೀಪ ಆರಿಸಲು ಬಿಡದ ಪುಸ್ತಕಗಳೂ ಇವೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಹತ್ತು ನಿಮಿಷ ಸಾಕು; ಏನನ್ನು ನೋಡಬೇಕೆಂದು ತಿಳಿದಿರಬೇಕು, ಅಷ್ಟೆ.

ಮೊದಲ ಹಂತ: ಪ್ರಶ್ನೆಯೊಂದಿಗೆ ಹೊರಡಿ

‘ಭೌತವಿಜ್ಞಾನದ ಮೇಲೆ ಒಂದು ಒಳ್ಳೆಯ ಪುಸ್ತಕ ಕೊಡಿ’ ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವುದು ಪಠ್ಯಪುಸ್ತಕವೇ. ಮನೆಯಿಂದ ಹೊರಡುವ ಮೊದಲು, ನಿಮ್ಮನ್ನು ಈಗಾಗಲೇ ಕಾಡುತ್ತಿರುವ ಒಂದು ಪ್ರಶ್ನೆಯನ್ನು ಚೀಟಿಯ ಮೇಲೆ ಬರೆದುಕೊಳ್ಳಿ. ನಮ್ಮ ಭಾಗದವರಿಗೆ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಬೇಸಿಗೆಯಲ್ಲಿ ಎರಿ (ಕಪ್ಪು ಮಣ್ಣಿನ) ಹೊಲ ಕಾಲು ಹೋಗುವಷ್ಟು ಬಿರಿಯುವುದೇಕೆ, ಪಕ್ಕದ ಮಸಾರಿ (ಕೆಂಪು ಮಣ್ಣಿನ) ಹೊಲ ಹಾಗೆ ಬಿರಿಯದಿರುವುದೇಕೆ? ಬಾದಾಮಿಯ ಬಂಡೆ ಕೆಂಪಾಗಿದ್ದು ಪದರು ಪದರಾಗಿರುವಾಗ, ವಿಜಯಪುರದ ಸುತ್ತಲಿನ ಕಲ್ಲು ಏಕೆ ಕರ್ರಗಿದೆ? ಗೋಳಗುಮ್ಮಟದ ಮೇಲಿನ ಸುತ್ತು ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು ಆಚೆ ತುದಿಯವರ ಕಿವಿಗೆ ಬೀಳುವುದು ಹೇಗೆ?

ಕೊನೆಯ ಪ್ರಶ್ನೆಯನ್ನೇ ಹಿಡಿದು ನೋಡೋಣ. 1656ರ ಹೊತ್ತಿಗೆ ಮುಗಿದ ಈ ಕಟ್ಟಡದ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರಿನ ಗೋಡೆಗೆ ಬಡಿದು ಮರಳಲು ಶಬ್ದ 76 ಮೀಟರ್ ಸಾಗಬೇಕು, ಎಂದರೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಎರಡು ದನಿಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಅಂತರವಿದ್ದರೆ ಮಾತ್ರ ನಮ್ಮ ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಮನೆಯ ಕೋಣೆಯಲ್ಲಿ ಕೇಳದ ಪ್ರತಿಧ್ವನಿ ಇಲ್ಲಿ ಕೇಳಿಸುವ ಗುಟ್ಟು ಅದು. ಪಿಸುಮಾತಿನ ಸಂಗತಿ ಬೇರೆ. ಅದು ನಡುವಿನ ಬಯಲನ್ನು ಹಾಯ್ದು ಹೋಗುವುದಿಲ್ಲ, ಬಾಗಿದ ಗೋಡೆಗೆ ಅಂಟಿಕೊಂಡೇ ತೆವಳುತ್ತದೆ. ಲಂಡನ್ನಿನ ಸೇಂಟ್ ಪಾಲ್ ಗುಮ್ಮಟವನ್ನು ಆಧರಿಸಿ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಇದನ್ನು ವಿವರಿಸಿದರು. ಆ ಬಳಿಕ, 1922ರ ಸುಮಾರಿಗೆ, ಸಿ.ವಿ. ರಾಮನ್ ಭಾರತದ ಇಂಥ ಕಟ್ಟಡಗಳನ್ನು ಅಭ್ಯಸಿಸಿ ಬರೆದ ಪ್ರಬಂಧದಲ್ಲಿ ನಮ್ಮ ಗೋಳಗುಮ್ಮಟವೂ ಸೇರಿದೆ. ಒಂದೇ ಪ್ರಶ್ನೆ ಹೀಗೆ ನಿಮ್ಮನ್ನು ಧ್ವನಿವಿಜ್ಞಾನದ ಪುಸ್ತಕಕ್ಕೂ ರಾಮನ್ ಅವರ ಜೀವನಚರಿತ್ರೆಗೂ ಆದಿಲ್‌ಶಾಹಿ ವಾಸ್ತುವಿನ ಇತಿಹಾಸಕ್ಕೂ ಒಯ್ಯುತ್ತದೆ. ಮೂರರಲ್ಲಿ ಯಾವುದು ಮೊದಲು ಕೈಗೆ ಸಿಕ್ಕರೂ ಓದಲು ಒಂದು ನೆಪ ಸಿಕ್ಕಂತಾಯಿತು.

ಎರಿ ಮಣ್ಣಿನ ಪ್ರಶ್ನೆಯೂ ಅಷ್ಟೇ ದೂರ ಹೋಗುತ್ತದೆ. ನೀರು ಕುಡಿದರೆ ಹಿಗ್ಗುವ, ಒಣಗಿದರೆ ಕುಗ್ಗುವ ಜೇಡಿಯಿಂದ ಹಿಡಿದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಡಿದ ಲಾವಾದವರೆಗೆ ಅದರ ಉತ್ತರ ಚಾಚಿಕೊಂಡಿದೆ. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರು ಭೂವಿಜ್ಞಾನದಲ್ಲಿ ಒಂದು ಇಡೀ ಶಿಲಾಸಮೂಹಕ್ಕೆ ಸಂದಿದೆ. ಈ ಸೀಮೆಯ ಭೂರಚನೆಯನ್ನು ಕುರಿತು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬರೆದ ವರದಿ 1876ರಷ್ಟು ಹಿಂದೆಯೇ ಅಚ್ಚಾಯಿತು. ತನ್ನ ಊರಿನ ಹೆಸರು ಇಂಥ ಪುಸ್ತಕದಲ್ಲಿ ಕಂಡ ಓದುಗ ಅದನ್ನು ಅರ್ಧಕ್ಕೆ ಬಿಡುವುದು ಕಡಿಮೆ.

ಎರಡನೆಯ ಹಂತ: ಕಪಾಟಿನ ಅಂಕಿ

ಡ್ಯೂಯಿ ದಶಮಾಂಶ ಪದ್ಧತಿ ಬಳಸುವ ಗ್ರಂಥಾಲಯಗಳಲ್ಲಿ ಪುಸ್ತಕದ ಬೆನ್ನಿನ ಮೇಲೆ ಒಂದು ಅಂಕಿಯ ಚೀಟಿ ಇರುತ್ತದೆ. 500ರಿಂದ ವಿಜ್ಞಾನ ಶುರುವಾಗುತ್ತದೆ. 520 ಖಗೋಳ, 550 ಭೂವಿಜ್ಞಾನ, 580 ಸಸ್ಯಗಳು, 590 ಪ್ರಾಣಿಗಳು, ಅದರೊಳಗೆ 598 ಹಕ್ಕಿಗಳು. 610 ವೈದ್ಯ, 630 ಕೃಷಿ. 910 ಪ್ರವಾಸ, 920 ಜೀವನಚರಿತ್ರೆ, 954 ಭಾರತದ ಇತಿಹಾಸ. ಇಷ್ಟು ಗೊತ್ತಿದ್ದರೆ ಗ್ರಂಥಪಾಲಕರು ಊಟಕ್ಕೆ ಹೋಗಿದ್ದರೂ ಹುಡುಕಾಟ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ: ಚಿಕ್ಕ ಗ್ರಂಥಾಲಯಗಳಲ್ಲಿ ಕನ್ನಡದ ಒಳ್ಳೆಯ ವಿಜ್ಞಾನ ಪುಸ್ತಕಗಳು ಮಕ್ಕಳ ಸಾಹಿತ್ಯದ ಕಪಾಟಿನಲ್ಲಿಯೋ ಪ್ರಬಂಧಗಳ ನಡುವೆಯೋ ಸೇರಿಕೊಂಡಿರುವುದು ತೀರ ಸಾಮಾನ್ಯ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯವಿಜ್ಞಾನದ ಪುಸ್ತಕವೂ ಹೌದು, ನಗಿಸುವ ಪ್ರವಾಸ ಕಥನವೂ ಹೌದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಪುಸ್ತಕವನ್ನು ಎಲ್ಲಿ ಇಡಬೇಕೆಂಬ ಗೊಂದಲ ಗ್ರಂಥಪಾಲಕರಿಗೆ ಬಂದರೆ ಅದು ಅವರ ತಪ್ಪಲ್ಲ. ವಿಜ್ಞಾನದ ಸಾಲಿನಲ್ಲಿ ಸಿಗದಿದ್ದನ್ನು ಸಾಹಿತ್ಯದ ಸಾಲಿನಲ್ಲಿಯೂ ಒಮ್ಮೆ ಹುಡುಕಿ.

ಮೂರನೆಯ ಹಂತ: ಹತ್ತು ನಿಮಿಷದ ಪರೀಕ್ಷೆ

ಪುಸ್ತಕ ಕೈಗೆ ಬಂದ ಮೇಲೆ ಮುಖಪುಟವನ್ನೂ ಬೆನ್ನುಡಿಯನ್ನೂ ಮೊದಲು ಓದಬೇಡಿ, ಅವು ಮಾರಾಟಕ್ಕೆಂದೇ ಬರೆದವು. ಮುಖಪುಟದ ಒಳಗೆ, ಹಕ್ಕುಗಳ ವಿವರ ಇರುವ ಪುಟವನ್ನು ತೆರೆಯಿರಿ. ಮೊದಲ ಮುದ್ರಣದ ವರ್ಷ ಯಾವುದು, ಮರುಮುದ್ರಣದ ವರ್ಷ ಯಾವುದು ಎಂಬುದು ಅಲ್ಲಿರುತ್ತದೆ. ಮರುಮುದ್ರಣವೆಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು. ಪರಿಷ್ಕೃತ ಆವೃತ್ತಿ ಎಂದಿದ್ದರೆ ಮಾತ್ರ ಒಳಗಿನ ವಿಷಯ ತಿದ್ದುಪಡಿಯಾಗಿದೆ ಎಂದು ನಂಬಬಹುದು. 2020ರ ಮುದ್ರಣವೆಂದು ಕೊಂಡ ಖಗೋಳ ಪುಸ್ತಕದಲ್ಲಿ ಒಂಬತ್ತು ಗ್ರಹಗಳಿದ್ದರೆ ಕಾರಣ ಇದೇ. ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರಲ್ಲಿ. ಭೂಮಿಯ ಫಲಕಗಳು ಸರಿದಾಡುತ್ತವೆ ಎಂಬ ಸಿದ್ಧಾಂತ ನೆಲೆಗೊಂಡದ್ದು 1960ರ ದಶಕದ ಕೊನೆಗೆ, ಆದ್ದರಿಂದ ಅದಕ್ಕೂ ಹಿಂದಿನ ಭೂವಿಜ್ಞಾನದ ಪುಸ್ತಕ ಹಿಮಾಲಯದ ಹುಟ್ಟನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಖಗೋಳ, ತಳಿವಿಜ್ಞಾನ, ವೈದ್ಯ, ಗಣಕ ಇವುಗಳಿಗೆ ಹೊಸ ಪುಸ್ತಕವೇ ಬೇಕು. ಹಕ್ಕಿ, ಗಿಡ, ಪ್ರವಾಸ, ವಿಜ್ಞಾನಿಗಳ ಬದುಕು ಇವುಗಳಿಗೆ ಅಷ್ಟು ಬೇಗ ಮುಪ್ಪು ಬರುವುದಿಲ್ಲ. ನಾಲ್ಕು ಸಂಪುಟಗಳ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ವನ್ನು ಇಂದು ತೆರೆಯುವವರು ಅಲ್ಲಿನ ಅಂಕಿ ಅಂಶಗಳನ್ನು ಮತ್ತೊಂದು ಪುಸ್ತಕದಲ್ಲಿ ತಾಳೆ ನೋಡಿಕೊಳ್ಳಬೇಕು, ಆದರೆ ಒಬ್ಬ ಲೇಖಕ ಇಡೀ ಲೋಕವನ್ನು ಕನ್ನಡಕ್ಕೆ ತರಲು ಪಟ್ಟ ಸಾಹಸವನ್ನು ನೋಡಲಿಕ್ಕಾದರೂ ಅದನ್ನು ತೆರೆಯಬೇಕೆಂಬುದು ನನ್ನ ಅಭಿಪ್ರಾಯ.

ಆಮೇಲೆ ಹಿಂಬದಿಗೆ ಹೋಗಿ. ಪದಸೂಚಿ ಇದೆಯೇ, ಆಧಾರ ಗ್ರಂಥಗಳ ಪಟ್ಟಿ ಇದೆಯೇ ನೋಡಿ. ಕನ್ನಡ ಪುಸ್ತಕಗಳಲ್ಲಿ ಪದಸೂಚಿ ಇಲ್ಲದಿರುವುದು ಹಳೆಯ ರೋಗ, ಅದೊಂದೇ ಕಾರಣಕ್ಕೆ ಪುಸ್ತಕವನ್ನು ತಳ್ಳಿಹಾಕುವುದು ಅನ್ಯಾಯ. ಆದರೆ ಎರಡೂ ಇದ್ದರೆ ಲೇಖಕರು ಶ್ರಮಪಟ್ಟಿದ್ದಾರೆಂದು ತಿಳಿಯಬಹುದು. ಆ ಪಟ್ಟಿಯೇ ನಿಮ್ಮ ಮುಂದಿನ ಪುಸ್ತಕಕ್ಕೂ ದಾರಿ ತೋರಿಸುತ್ತದೆ.

ಕೊನೆಗೆ ನಡುವಿನ ಯಾವುದಾದರೂ ಎರಡು ಪುಟ ಓದಿ. ಮೊದಲ ಅಧ್ಯಾಯವನ್ನು ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ, ನಡುವಿನಲ್ಲಿ ದಣಿವು ಕಾಣುತ್ತದೆ. ಓದುವಾಗ ಒಂದೇ ಒಂದು ಸಂಗತಿಯನ್ನು ಗಮನಿಸಿ: ಈ ಮಾತು ಹೇಗೆ ಗೊತ್ತಾಯಿತು ಎಂಬುದನ್ನು ಲೇಖಕರು ಹೇಳುತ್ತಾರೆಯೇ? ‘ಸೂರ್ಯನ ಮೇಲ್ಮೈ ತಾಪ ಸುಮಾರು 5,500 ಡಿಗ್ರಿ ಸೆಲ್ಸಿಯಸ್’ ಎಂದು ಬರೆದು ಮುಂದೆ ಹೋಗುವುದು ಪಠ್ಯ. ಅಲ್ಲಿಗೆ ಯಾರೂ ಹೋಗದೆ, ಬರುವ ಬೆಳಕಿನ ಬಣ್ಣಗಳನ್ನು ಬಿಡಿಸಿ ಅಳೆದದ್ದು ಹೇಗೆ ಎಂದು ನಿಂತು ವಿವರಿಸಿದರೆ ಅದು ಓದಬೇಕಾದ ಪುಸ್ತಕ. ಅನುವಾದಿತ ಪುಸ್ತಕವಾದರೆ ಒಂದು ಪ್ಯಾರಾವನ್ನು ಗಟ್ಟಿಯಾಗಿ ಓದಿ ನೋಡಿ. ಮೂರನೆಯ ವಾಕ್ಯಕ್ಕೆ ನಾಲಗೆ ತೊಡರಿದರೆ ಕೆಳಗಿಡಿ.

‘ಹೇಗೆ ಗೊತ್ತಾಯಿತು’ ಎಂಬ ಈ ಪರೀಕ್ಷೆ ಹುಸಿ ವಿಜ್ಞಾನದ ಪುಸ್ತಕಗಳನ್ನೂ ಹಿಡಿದುಕೊಡುತ್ತದೆ. ನಮ್ಮ ಪೂರ್ವಿಕರು ವಿಮಾನ ಹಾರಿಸುತ್ತಿದ್ದರೆಂದು ಸಾರುವ ಪುಸ್ತಕಗಳಿಗೆ ಆಧಾರವಾದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಪರಿಶೀಲಿಸಿ, 1974ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು. ಆ ಗ್ರಂಥ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಚನೆಯಾದದ್ದು, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ. ಈ ಪ್ರಬಂಧದ ಹೆಸರನ್ನೂ ಎತ್ತದ ಪುಸ್ತಕ ಎಷ್ಟೇ ದಪ್ಪವಿದ್ದರೂ ವಿಜ್ಞಾನದ ಕಪಾಟಿಗೆ ಸಲ್ಲದು.

ವಿಜ್ಞಾನದಾಚೆ

ಇತಿಹಾಸ, ಆತ್ಮಕಥೆ, ಪ್ರವಾಸಗಳಿಗೆ ಇದೇ ಪರೀಕ್ಷೆಯನ್ನು ತುಸು ಬದಲಿಸಿಕೊಂಡರೆ ಸಾಕು. ಇತಿಹಾಸದ ಪುಸ್ತಕವಾದರೆ ಯಾವ ಶಾಸನ, ಯಾವ ಹಸ್ತಪ್ರತಿ ಎಂದು ಲೇಖಕರು ಬೆರಳಿಟ್ಟು ತೋರಿಸುತ್ತಾರೆಯೇ ನೋಡಿ. ಮನೆಮನೆ ತಿರುಗಿ ತಾಳೆಗರಿ ಕೂಡಿಸಿ ವಚನಗಳನ್ನು ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರ ಊರಾದ ವಿಜಯಪುರದಲ್ಲಿ ಇಷ್ಟನ್ನು ನಿರೀಕ್ಷಿಸುವುದು ಹೆಚ್ಚೇನಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂ.ಬಾ. ಜೋಶಿ, ಸಿಂದಗಿ ಸೀಮೆಯ ಎಂ.ಎಂ. ಕಲಬುರ್ಗಿ ಇಬ್ಬರ ಸಂಶೋಧನ ಬರಹಗಳೂ ಸಾಮಾನ್ಯ ಓದುಗರಿಗೆ ಮೊದಮೊದಲು ಬಿಗಿಯೆನಿಸಬಹುದು, ಆದ್ದರಿಂದ ಬಿಡಿ ಪ್ರಬಂಧಗಳಿಂದ ಆರಂಭಿಸುವುದು ಲೇಸು. ಆತ್ಮಕಥೆಯಲ್ಲಿ ಸನ್ಮಾನಗಳ ಪಟ್ಟಿ ಉದ್ದವಿದ್ದಷ್ಟೂ ಓದಿನ ರುಚಿ ಕಡಿಮೆ. ಊಟ, ಕೂಲಿ, ಶಾಲೆ, ಅವಮಾನ ಇವು ವಿವರವಾಗಿ ಬಂದಿದ್ದರೆ ಆ ಪುಸ್ತಕ ನಿಮ್ಮನ್ನು ಹಿಡಿದು ಕೂರಿಸುತ್ತದೆ. ಮುದ್ದೇಬಿಹಾಳದವರಾದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಗಾತ್ರದಲ್ಲಿ ಸಣ್ಣದು, ಆದರೆ ವಿಜಯಪುರ ಜಿಲ್ಲೆಯ ಊರುಕೇರಿಯನ್ನು ಅದರಷ್ಟು ಹತ್ತಿರದಿಂದ ತೋರಿಸಿದ ಪುಸ್ತಕಗಳು ವಿರಳ.

ನಾಲ್ಕನೆಯ ಹಂತ: ಹೆಸರುಗಳ ಜಾಡು

ಒಬ್ಬ ಲೇಖಕರು ಹಿಡಿಸಿದರೆ ಅವರ ಉಳಿದ ಪುಸ್ತಕಗಳನ್ನು ಹುಡುಕುವುದು ಎಲ್ಲರೂ ಮಾಡುವ ಕೆಲಸ. ಅದಕ್ಕಿಂತ ಫಲ ಕೊಡುವುದು, ಅವರು ಯಾರನ್ನು ನೆನೆಯುತ್ತಾರೆ, ಯಾರ ಪುಸ್ತಕಕ್ಕೆ ಮುನ್ನುಡಿ ಬರೆದಿದ್ದಾರೆ ಎಂದು ನೋಡುವುದು. ಕನ್ನಡದ ವಿಜ್ಞಾನ ಬರಹಗಾರರ ಬಳಗ ಚಿಕ್ಕದು, ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್, ಅಡ್ಯನಡ್ಕ ಕೃಷ್ಣಭಟ್, ಪೂರ್ಣಚಂದ್ರ ತೇಜಸ್ವಿ, ನಾಗೇಶ ಹೆಗಡೆ, ಟಿ.ಆರ್. ಅನಂತರಾಮು ಇವರಲ್ಲಿ ಯಾರನ್ನು ಹಿಡಿದರೂ ಉಳಿದವರ ಹೆಸರು ತಾನಾಗಿ ಕಿವಿಗೆ ಬೀಳುತ್ತದೆ. ಮೊದಲ ಬಾರಿಗೆ ಓದುವವರು ತೇಜಸ್ವಿಯವರ ‘ಪರಿಸರದ ಕತೆ’ಯಿಂದ ಶುರುಮಾಡಿದರೆ ಮುಗ್ಗರಿಸುವ ಭಯವಿಲ್ಲ. ಗಣಿತ, ಖಗೋಳದ ಒಲವಿದ್ದವರು ನೇರವಾಗಿ ಜಿ.ಟಿ.ಎನ್. ಅವರ ಪುಸ್ತಕಗಳಿಗೆ ಹೋಗಬಹುದು, ಭಾಷೆ ಸ್ವಲ್ಪ ಗಡುಸು.

ಹೊಸಬರ ಹೆಸರು ತಿಳಿಯಲು ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳ ಪಟ್ಟಿಯನ್ನು ಗಮನಿಸಿ. ಕಥೆ, ಕವಿತೆಗಳ ಜೊತೆ ವಿಜ್ಞಾನ ಸಾಹಿತ್ಯ, ಪ್ರವಾಸ, ಆತ್ಮಕಥೆಗಳಿಗೂ ಅದರಲ್ಲಿ ಪ್ರತ್ಯೇಕ ವಿಭಾಗವಿದೆ. ಪತ್ರಿಕೆಗಳು ಈ ಪಟ್ಟಿಯನ್ನು ಪ್ರಕಟಿಸುತ್ತವೆ, ಆದರೆ ನಾವು ಕಾದಂಬರಿಯ ಸಾಲು ಓದಿ ಪುಟ ಮಗುಚುತ್ತೇವೆ. 1978ರಲ್ಲಿ ಆರಂಭವಾದ ‘ಬಾಲವಿಜ್ಞಾನ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಶಾಲೆಯ ಕಪಾಟಿನಲ್ಲಿ ಸಿಕ್ಕರೆ ಬಿಡಬೇಡಿ. ಹೆಸರು ಬಾಲವಾದರೂ ದೊಡ್ಡವರಿಗೂ ಅದರಲ್ಲಿ ಸರಕಿದೆ.

ಎಲ್ಲಿ ಸಿಗುತ್ತವೆ

ಜಿಲ್ಲಾ ಕೇಂದ್ರ ಗ್ರಂಥಾಲಯದ ಸದಸ್ಯತ್ವವೇ ಅತಿ ಅಗ್ಗದ ದಾರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಲೇ ಇದ್ದೇವೆ, ಕಟ್ಟಿದ್ದನ್ನು ಓದಿ ವಸೂಲಿ ಮಾಡಿಕೊಳ್ಳುವುದರಲ್ಲಿ ಸಂಕೋಚ ಬೇಡ. ಹಳ್ಳಿಯವರಿಗೆ ಪಂಚಾಯಿತಿಯ ಗ್ರಂಥಾಲಯವಿದೆ, ಈಗ ಅದರ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. ಅಂಗಡಿಯಲ್ಲಿ ಸಿಗದ ಹಳೆಯ ಪುಸ್ತಕಗಳನ್ನು ಮೊಬೈಲಿನಲ್ಲಿ ಓದಲು ಸರ್ಕಾರದ ‘ಕಣಜ’ ಜಾಲತಾಣ ಮತ್ತು ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಗಳಿವೆ. ಕೊಳ್ಳುವುದಾದರೆ ರಾಜ್ಯೋತ್ಸವದ ತಿಂಗಳ ರಿಯಾಯಿತಿಗೆ ಕಾಯಿರಿ. ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಪುಸ್ತಕಗಳು ಬೆಲೆಯಲ್ಲಿ ಹಗುರ, ನವಕರ್ನಾಟಕ ಪ್ರಕಾಶನದ ಪಟ್ಟಿಯಲ್ಲಿ ವಿಜ್ಞಾನದ ಪಾಲು ದೊಡ್ಡದು. ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಜಂಗುಳಿ ಹೆಚ್ಚು. ಹತ್ತು ನಿಮಿಷದ ಪರೀಕ್ಷೆಗೆ ಅಲ್ಲಿ ಜಾಗವೇ ಸಿಗದು; ಮೊದಲ ದಿನ ನೋಡಿ ಹೆಸರು ಬರೆದುಕೊಂಡು, ಕೊನೆಯ ದಿನದ ಬೆಳಿಗ್ಗೆ ಕೊಳ್ಳುವುದು ಜಾಣತನ.

ಬೇಕಾದ ಪುಸ್ತಕ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ತರಿಸುವಂತೆ ಬರಹದಲ್ಲಿ ಕೇಳಿ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಬೆಲೆ, ಹಕ್ಕುಗಳ ಪುಟದಲ್ಲಿರುವ ಐಎಸ್‌ಬಿಎನ್ ಸಂಖ್ಯೆ ಇಷ್ಟನ್ನೂ ಆ ಕಾಗದದಲ್ಲಿ ಬರೆದು, ಇನ್ನಿಬ್ಬರು ಓದುಗರ ಸಹಿ ಹಾಕಿಸಿ ಗ್ರಂಥಪಾಲಕರಿಗೆ ಕೊಡಿ. ‘ಒಳ್ಳೆಯ ವಿಜ್ಞಾನ ಪುಸ್ತಕ ತರಿಸಿರಿ’ ಎಂದಷ್ಟೇ ಬರೆದ ಚೀಟಿ ಹಿಡಿದು ಅವರು ಖರೀದಿ ಪಟ್ಟಿಯಲ್ಲಿ ಏನನ್ನೂ ಸೇರಿಸಲಾರರು.